ಸದ್ದು ಆಮೇಲೆ ಬರುತ್ತದೆ

ಕೊನೆಗೂ ನನ್ನ ಮಿಸೈಲ್ ಹಾರಿತು!

ಗಾಬರಿ ಬೇಡ, ಕಂಪ್ಯೂಟರ್ ಗೇಮಿನಲ್ಲಿ. (ಐವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಅಂತ ಹೆಂಡತಿ ಈಗಾಗಲೇ ಕೇಳಿದ್ದಾಳೆ. ನೀವೂ ಕೇಳಬೇಡಿ.) ಎರಡನೇ ಮಹಾಯುದ್ಧದಲ್ಲಿ ಜರ್ಮನರು ಲಂಡನ್ ಮೇಲೆ ಬಿಟ್ಟರಲ್ಲ, ಆ ಹಳೇ ರಾಕೆಟ್ಟು. ಟ್ಯಾಂಕು, ಎಂಜಿನ್ನು, ಬಾಲದ ರೆಕ್ಕೆ ಎಲ್ಲವನ್ನೂ ನಾನೇ ಜೋಡಿಸಿದ್ದೆ. ಎಷ್ಟೋ ಸಲ ಅರ್ಧಕ್ಕೇ ಪಲ್ಟಿ ಹೊಡೆದಿತ್ತು. ಕಳೆದ ಭಾನುವಾರ ನೆಟ್ಟಗೆ ಮೇಲೇರಿತು. ಖುಷಿ ತಡೆಯದೆ, ಬಟವಾಡಿಯ ನಮ್ಮ ಮನೆಗೆ ಬಂದಿದ್ದ ನಾದಿನಿಯನ್ನು ಕೂಗಿದೆ.

"ಸುಧಾ, ಬಾರಮ್ಮ ಇಲ್ಲಿ!"

ಕೂಗುವ ಮೊದಲು ಒಂದು ಕ್ಷಣ ಯೋಚಿಸಬಾರದಿತ್ತೇ?

ಹಾಗಲವಾಡಿಯ ಸುಧಾ ನರ್ಸು. ಹೊರದೇಶದ ಆಸ್ಪತ್ರೆಯೊಂದರಲ್ಲಿದ್ದಳು. ಕುಣಿಗಲ್ಲಿನ ಪವಿತ್ರಾ ಅವಳ ರೂಂಮೇಟು. ಅಲ್ಲಿ ಯುದ್ಧ ಶುರುವಾಯಿತು. ಒಂದು ಮಧ್ಯಾಹ್ನ ಸುಧಾ ಡ್ಯೂಟಿಯಲ್ಲಿದ್ದಾಗ ಅವರ ಹಾಸ್ಟೆಲ್ ಮೇಲೆ ಮಿಸೈಲ್ ಬಿತ್ತು. ಸೈರನ್ ಕೂಡ ಆಗಿರಲಿಲ್ಲ. ಪವಿತ್ರಾ ರೂಮಿನಲ್ಲಿದ್ದಳು.

ವಾಪಸ್ ಬಂದ ಸುಧಾ ಕುಣಿಗಲ್ಲಿಗೆ ಹೋದಾಗ ಪವಿತ್ರಾಳ ತಾಯಿ ಕೇಳಿದ್ದು ಒಂದೇ ಮಾತು. "ನನ್ ಮಗಳು ಬಾಳ ಹೆದರ್ಕಂಡ್ಲೇನವ್ವ?" ಸುಧಾ ಉತ್ತರ ಹೇಳಲಾರದೆ ಎದ್ದು ಬಂದಿದ್ದಳು. ದೂರದ ಆಸ್ಪತ್ರೆಗೇ ಎದೆ ಒಡೆಯುವಂಥ ಸದ್ದು ಕೇಳಿಸಿತ್ತು. ಇನ್ನು ಅದರ ಅಡಿಯಲ್ಲಿದ್ದವಳಿಗೆ?

ಲ್ಯಾಪ್‌ಟಾಪ್ ಮುಚ್ಚಲು ಹೋದೆ. "ಇರ್ಲಿ ಭಾವ, ತೋರ್ಸಿ" ಅಂದಳು.

ರಾಕೆಟ್ಟು ಬಿತ್ತು. ಮಣ್ಣು, ಹೊಗೆ ಎದ್ದಿತು. ಆಮೇಲೆ ಸದ್ದು ಬಂತು.

"ಸೌಂಡ್ ಲೇಟಾಯ್ತು. ಹ್ಯಾಂಗ್ ಆಯ್ತಾ?"

"ಇಲ್ಲಮ್ಮ, ಅದೇ ಕರೆಕ್ಟು. ಇದು ಸದ್ದಿಗಿಂತ ವೇಗವಾಗಿ ಬರುತ್ತೆ. ಸದ್ದು ಹಿಂದೆ ಉಳಿಯುತ್ತೆ."

"ಅಂದ್ರೆ ಕೆಳಗಿರೋರಿಗೆ?"

"ಏನೂ ಕೇಳ್ಸಲ್ಲ."

"ಈಗಿನವೂ ಹಂಗೇನಾ?"

"ದೊಡ್ಡವು ಹಂಗೇ ಅಂತ ಓದಿದೀನಿ."

ಸುಧಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಯುದ್ಧದಿಂದ ವಾಪಸ್ ಬಂದ ಮೇಲೆ ಅವಳು ಅತ್ತಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಮುಖ ತೊಳೆದು ಬಂದು, "ಭಾವ, ಕುಣಿಗಲ್ಲಿಗೆ ಹೋಗಣ. ಅವರಿಗೆ ಹೇಳ್ಬೇಕು" ಅಂದಳು.

ಮಾರನೇ ದಿನವೇ ಹೋದೆವು. ಸುಧಾ ಆ ತಾಯಿಯ ಕೈ ಹಿಡಿದು ನಿಧಾನವಾಗಿ ಹೇಳಿದಳು. "ಅವಳಿಗೆ ಏನೂ ಗೊತ್ತಾಗ್ಲಿಲ್ಲ ಅಮ್ಮ. ಸದ್ದೂ ಕೇಳ್ಸಿಲ್ಲ. ಹೆದರಲೇ ಇಲ್ಲ."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಸದ್ಯ ಬುಡು. ನರಳಲಿಲ್ಲವಲ್ಲ, ನನ್ ಕಂದ." ನನಗೂ ಎದೆ ಹಗುರಾಯಿತು. ಕಾಫಿ ತರುತ್ತೀನಿ ಅಂತ ಒಳಗೆ ಹೊರಟವರು ಬಾಗಿಲಲ್ಲೇ ನಿಂತರು.

"ಕಡೇ ಗಳಿಗೇಲಿ 'ಅವ್ವಾ' ಅಂತ ಕೂಗಿರ್ತಾಳೆ ಅಂದ್ಕಂಡಿದ್ದೆ ಕಣವ್ವ. ಹಂಗಾದ್ರೆ ಅದನ್ನೂ ಕೂಗ್ಲಿಲ್ವಾ?"

ವಾಪಸ್ ಬಸ್ಸು ಹತ್ತಿದೆವು.

ಹೆದರಿಕೆ ತೆಗೆಯಲು ಹೋದವರು, ಆ ತಾಯಿಗೆ ಉಳಿದಿದ್ದ ಒಂದು ಕೂಗನ್ನೂ ಕಿತ್ತುಕೊಂಡು ಬಂದೆವಾ?