ತಿರುವಿಲ್ಲದ ದಾರಿಯಲ್ಲಿ ಶಾಕಿರಾ

ಯಲ್ಲಾಪುರದ ಶಾಕಿರಾಗೆ ನೆಟ್ಟಗಿನ ರಸ್ತೆಯ ಮೇಲೆ ನಂಬಿಕೆಯಿಲ್ಲ. ಯಲ್ಲಾಪುರ, ಶಿರಸಿ, ಸಿದ್ದಾಪುರ ಅಂತ ವರ್ಷಗಟ್ಟಲೆ ಕಿರಾಣಿ ಸಾಮಾನಿನ ಪಿಕಪ್ ಓಡಿಸಿಕೊಂಡು ಬಂದ ಹೆಂಗಸು ಅವಳು. ನಮ್ಮ ಕಡೆ ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಎದುರಿಗೆ ಬಂದಿರುತ್ತದೆ. ಅವಳಿಗೆ ಬೈಕು ಕಲಿಸಿದ ತಂದೆ ಅಬ್ದುಲ್ ರಜಾಕ್ ಅರಬೈಲು ಘಟ್ಟದ ಲಾರಿ ಡ್ರೈವರು. "ಮುಂದೆ ಕಾಣದಿದ್ರೆ ಮೊದ್ಲು ಎಕ್ಸಲೇಟರ್ ಬಿಡು ಬೇಟಿ, ಉಳಿದದ್ದೆಲ್ಲ ಆಮೇಲೆ" ಎಂದು ಆತ ಹೇಳಿ ಹೇಳಿ ಅದು ಅವಳ ಕೈಗೇ ಬಾಯಿಪಾಠವಾಗಿಬಿಟ್ಟಿತ್ತು.

ನಾನು ಗೀತಾ. ಶಿರಸಿಯಲ್ಲಿ ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಶಿನ್ನು ರಿಪೇರಿ ಮಾಡುವ ಅಂಗಡಿ ನನ್ನದು. ನನ್ನ ನಾಲಿಗೆ ಖಾರ ಎಂದು ಗಿರಾಕಿಗಳೇ ಹೇಳುತ್ತಾರೆ, ಹೇಳಲಿ. ಗುಜರಿಯಲ್ಲಿ ಸಿಕ್ಕ ಹಳೆಯ ಐವತ್ತು ಸಿಸಿ ಬೈಕಿನ ಎಂಜಿನ್ನಿಗೆ ಜೀವ ಕೊಟ್ಟು, ಉದ್ದನೆಯ ತಗ್ಗು ಚೌಕಟ್ಟಿಗೆ ಕೂರಿಸಿದವಳು ನಾನು. ಅದರ ಮೇಲೆ ಬೋರಲು ಮಲಗಿ ಓಡಿಸುವ ಹುಚ್ಚು ಶಾಕಿರಾದು. ಕಳೆದ ಚಳಿಗಾಲ ಅದನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಇಬ್ಬರೂ ಕಛ್‌ನ ಉಪ್ಪಿನ ಬಯಲಿಗೆ ಹೋದೆವು. ಅಲ್ಲಿ ಒಂದು ಕ್ಲಬ್ಬಿನವರು ವೇಗದ ಓಟ ಇಟ್ಟಿದ್ದರು. ಐವತ್ತು ಸಿಸಿಯಲ್ಲಿ ಅವರ ದಾಖಲೆ ಗಂಟೆಗೆ ನೂರಾ ಒಂಬತ್ತು ಕಿಲೋಮೀಟರ್. ಅದನ್ನು ಮುರಿಯಬೇಕೆಂದೇ ನಾವು ಬಂದದ್ದು. ಒಂದು ಸಲ ಹೋಗಬೇಕು, ಒಂದು ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸು ಬರಬೇಕು, ಎರಡರ ಸರಾಸರಿ ಹಿಡಿಯುತ್ತಾರೆ.

ಹೋಗುವ ಓಟದಲ್ಲಿ ಬಂದದ್ದು ನೂರಾ ನಾಲ್ಕು. ನನಗೆ ಮೈಯೆಲ್ಲ ಉರಿಯಿತು. ಎಂಜಿನ್ ಸದ್ದು ಮೂರು ಕಡೆ ಕುಗ್ಗಿದ್ದನ್ನು ನಿಂತಲ್ಲಿಂದಲೇ ಕೇಳಿದ್ದೆ. ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲವೆಂದು ಪಿಕಪ್ಪಿನಲ್ಲಿ ಆಚೆ ತುದಿಗೆ ಹೋದವಳೇ ಕಾರ್ಬೊರೇಟರ್ ಬಿಚ್ಚಿದೆ. ಒಂದು ಚೂರು ಕಸವಿಲ್ಲ. ಪೈಪು ಊದಿ ನೋಡಿದೆ, ಅದೂ ಸರಿಯಿತ್ತು. ಇತ್ತ ಗಂಟೆ ಕರಗುತ್ತಿತ್ತು.

ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಶಾಕಿರಾ ಮೆಲ್ಲಗೆ ಬಾಯಿಬಿಟ್ಟಳು. "ಗೀತಕ್ಕಾ, ಅದನ್ನ ಬಿಚ್ಚಬೇಡಿ. ಎಂಜಿನ್ನಿಗೆ ಎಂತದೂ ಆಗ್ಲಿಲ್ಲ. ನನ್ನ ಕೈಯೇ ಎಕ್ಸಲೇಟರ್ ಬಿಟ್ಟದ್ದು."

"ಎಂತಕ್ಕೆ ಬಿಟ್ಟೆ?"

"ನಾ ಬಿಡ್ಲಿಲ್ಲ, ಅದೇ ಬಿಡ್ತದೆ. ಇಷ್ಟು ದೂರ ನೆಟ್ಟಗೆ ಬಂದ್ಮೇಲೆ ಮುಂದೆ ಒಂದು ತಿರುವು ಇರ್ಲೇಬೇಕು ಅಂತ ಅದಕ್ಕೆ ಅನಿಸ್ತದೆ."

ಸುತ್ತ ಎಲ್ಲಿ ನೋಡಿದರೂ ಬಿಳೀ ಉಪ್ಪು. ಗಿಡವಿಲ್ಲ, ಕಲ್ಲಿಲ್ಲ. "ಇಲ್ಲೆಂತ ತಿರುವು ಮಾರಾಯ್ತಿ!" ಎಂದು ಕೂಗಿದೆ. ಕೂಗಿದ ಮೇಲೆ ನನಗೇ ಹೆದರಿಕೆ ಶುರುವಾಯಿತು. ವಾಪಸು ಓಟದಲ್ಲಿ ನೂರಾ ಹದಿನಾಲ್ಕು ದಾಟಲೇಬೇಕು. ಅಂದರೆ ಎಕ್ಸಲೇಟರನ್ನು ಪೂರ್ತಿ ತಿರುಗಿಸಿ ಕೊನೆತನಕ ಹಿಡಿದಿರಬೇಕು. ಈ ಎಂಜಿನ್ನನ್ನು ಅಷ್ಟು ಹೊತ್ತು ಯಾರೂ ಓಡಿಸಿ ನೋಡಿಲ್ಲ. ಊರ ಕಡೆ ನಾವು ಓಡಿಸಿ ನೋಡಿದ ಗುಡ್ನಾಪುರದ ಕೆರೆ ಪಕ್ಕದ ರಸ್ತೆಯಲ್ಲೂ ಅಷ್ಟು ಉದ್ದ ಸಿಗುವುದಿಲ್ಲ. ಅವಳ ಕೈ ಬಿಟ್ಟ ಆ ಮೂರು ಕ್ಷಣಗಳೇ ಅದಕ್ಕೆ ಸಿಕ್ಕ ವಿಶ್ರಾಂತಿ.

"ಬೇಡ ಶಾಕಿರಾ. ಕಾದು ಪಿಸ್ಟನ್ ಒಳಗೇ ಕಚ್ಚಿ ಸೀಜ್ ಆದ್ರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡ್ತದೆ. ನಿನ್ನ ಎತ್ತಿ ಒಗೀತದೆ. ರಜಾಕಣ್ಣಂಗೆ ನಾ ಎಂತ ಹೇಳೂದು?"

"ಕ್ಲಚ್ಚಿನ ಮೇಲೆ ಎರಡು ಬೆರಳು ಇಟ್ಕೊಂಡೇ ಇರ್ತೇನೆ, ಚಕ್ರ ನಿಂತ ಕೂಡ್ಲೆ ಒತ್ತಿಬಿಡ್ತೇನೆ. ಒಂದ್ಸಲ ಪೂರ್ತಿ ಹೋಗಿ ನೋಡ್ಬೇಕು ಗೀತಕ್ಕಾ. ಹುಟ್ಟಿದಾಗಿಂದ ಅರ್ಧಕ್ಕೇ ಬಿಡೂದಾಯ್ತು."

ಪೆಟ್ರೋಲ್ ಹೆಚ್ಚು ಹೋಗಿ ಎಂಜಿನ್ ಸ್ವಲ್ಪ ತಂಪಾಗಿರಲಿ ಎಂದು ಕಾರ್ಬೊರೇಟರಿಗೆ ಒಂದು ನಂಬರ್ ದೊಡ್ಡ ಜೆಟ್ ಹಾಕಿದೆ. ಬೈಯುತ್ತಲೇ ಹಾಕಿದೆ. ಅವಳು ಬೋರಲು ಮಲಗಿದಳು, ಬಾವುಟ ಇಳಿಯಿತು, ಹೊರಟಳು.

ನಾನು ಕಣ್ಣು ಮುಚ್ಚಿ ಸದ್ದನ್ನೇ ಕೇಳುತ್ತ ನಿಂತೆ. ಅದು ಏರಿತು, ಏರಿದಲ್ಲೇ ನಿಂತಿತು. ಈಗ ಬಿಡುತ್ತಾಳೆ ಅಂದುಕೊಂಡೆ, ಬಿಡಲಿಲ್ಲ. ಈಗ ಬಿಟ್ಟೇ ಬಿಡುತ್ತಾಳೆ ಅಂದುಕೊಂಡೆ, ಆಗಲೂ ಬಿಡಲಿಲ್ಲ. ಸದ್ದು ಸೊಳ್ಳೆಯಷ್ಟು ಸಣ್ಣದಾಗಿ ದೂರ ಹೋಗುತ್ತಿತ್ತು. ಆಮೇಲೆ ಒಮ್ಮೆಲೇ ನಿಂತುಹೋಯಿತು.

"ಬಿಟ್ಟಳು! ಕೊನೇಗೆ ಬಂದು ಬಿಟ್ಟಳು!" ಎಂದು ಕಿರುಚಿ ಕೈಯಲ್ಲಿದ್ದ ಸ್ಪ್ಯಾನರ್ ಉಪ್ಪಿಗೆ ಬಡಿದೆ. ಬಡಿದ ಮೇಲೆ ತಲೆಗೆ ಹೊಳೆಯಿತು. ಕೈ ಬಿಟ್ಟರೆ ಸದ್ದು ಇಳಿಯುತ್ತದೆ. ಹೀಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ.

"ಅಯ್ಯೋ ದೇವರೇ, ಆನು ಎಂತ ಮಾಡಲಿ ಈಗ" ಎಂದು ಮನೆಮಾತಿನಲ್ಲೇ ಹಲುಬುತ್ತ ಪಿಕಪ್ ಹತ್ತಿದೆ. ಬಯಲಿನ ಉದ್ದಕ್ಕೂ ಅವಳ ಚಕ್ರದ ಗೆರೆಯನ್ನೇ ಹಿಡಿದು ಹೋದೆ. ವೇಗ ಅಳೆಯುವ ಕೊನೆಯ ಕಂಬ ದಾಟಿದ ಮೇಲೆ ಗೆರೆ ದಪ್ಪವಾಗಿ, ಕಪ್ಪಾಗಿ, ಅಡ್ಡಡ್ಡ ಎಳೆದಿತ್ತು. ಚಕ್ರ ನಿಂತದ್ದು ಅಲ್ಲಿಯೇ. ಸ್ವಲ್ಪ ಮುಂದೆ ಗೆರೆ ಮತ್ತೆ ತೆಳ್ಳಗಾಗಿ ನೆಟ್ಟಗೆ ಹೋಗಿತ್ತು. ಕ್ಲಚ್ ಒತ್ತಿದ್ದಾಳೆ ಎಂದು ಗೊತ್ತಾಗಿ ಉಸಿರು ಬಂತು.

ಅವಳು ಬೈಕಿನ ಮೇಲೆಯೇ ಇದ್ದಳು, ಎರಡೂ ಕಾಲು ನೆಲಕ್ಕೆ ಊರಿ. ಜೀವಂತ ಇದ್ದಾಳೆಂಬ ಸಂತೋಷಕ್ಕೆ ನಾನು ಗೊಳೋ ಎಂದು ಅತ್ತೆ. ಕ್ಲಬ್ಬಿನವನೊಬ್ಬ ಓಡಿ ಬಂದು ನೂರಾ ಹದಿನಾರು, ಸರಾಸರಿ ನೂರಾ ಹತ್ತು, ದಾಖಲೆ ನಿಮ್ಮದೇ ಎಂದು ಹಿಂದಿಯಲ್ಲಿ ಕೂಗಿದ. ಶಾಕಿರಾ ಅವನತ್ತ ನೋಡಲೂ ಇಲ್ಲ.

"ಗೀತಕ್ಕಾ," ಎಂದಳು, "ನಾ ಬಿಟ್ಟೆನಾ?"

ನಾನು ಅವಳ ಬಲಗೈ ನೋಡಿದೆ. ಸತ್ತುಹೋದ ಎಂಜಿನ್ನಿನ ಎಕ್ಸಲೇಟರನ್ನು ಅದು ಇನ್ನೂ ಪೂರ್ತಿ ತಿರುಗಿಸಿ ಹಿಡಿದುಕೊಂಡೇ ಇತ್ತು. ತೆಗೆ ಎಂದರೂ ತೆಗೆಯಲಾಗಲಿಲ್ಲ ಅವಳಿಗೆ. ಉಪ್ಪಿನ ಮೇಲೆ ಮೊಣಕಾಲೂರಿ ಕೂತು, ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ.