ಹೂವಿಲ್ಲದ ಮೂಲೆ

ಮೊನ್ನೆ ಅಂಬೇವಾಡಿಯ ನಮ್ಮ ಮನೆಯಲ್ಲಿ ಟ್ರಂಕು ತೆಗೆದಾಗ ಹಳೆಯ ಕೌದಿಯಿಂದ ಕಟ್ಟಿಗೆ ಒಲೆಯ ಹೊಗೆಯ ವಾಸನೆ ಬಂತು. ಸೀರೆ ಚೂರುಗಳ ಕೌದಿ. ಮೂರು ಮೂಲೆಗೆ ಬಟ್ಟೆ ಮಡಚಿ ಹೊಲಿದ ಹೂವಿದೆ, ನಾಲ್ಕನೆಯದು ಬೋಳು. ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಿದ್ದಳು ಅದನ್ನು ಹೊಲಿದ ಅಕ್ಕ...

ಹಳಿಯಾಳ ಕಡೆಯ ಸಿದ್ದಿಯರ ಊರೊಂದರಲ್ಲಿ ನಾನು ನರ್ಸ್ ಆಗಿದ್ದೆ, ಊರವರ ಪಾಲಿಗೆ 'ಬಾಯಾರು'. ನಾನು ಅಕ್ಕ ಎಂದು ಕರೆಯುತ್ತಿದ್ದವಳು ಆ ಊರಿನ ಸಿದ್ದಿ ಹೆಂಗಸು. ಹೆರಿಗೆ ನೋವು ಬಂದವರನ್ನು ಬಿದಿರಿಗೆ ಕಟ್ಟಿದ ಜೋಳಿಗೆಯಲ್ಲಿ ಹೊತ್ತು, ಕೆಸರು ದಾಟಿಸಿ, ಆಂಬುಲೆನ್ಸ್ ನಿಲ್ಲುವ ರಸ್ತೆಗೆ ತಲುಪಿಸಬೇಕಾದಾಗ ನಾನು ಮೊದಲು ಕೂಗುತ್ತಿದ್ದದ್ದು ಅವಳನ್ನೇ. ಗಂಡಸರು ಭುಜ ಬದಲಿಸುತ್ತಿದ್ದರು, ಅವಳು ಬದಲಿಸುತ್ತಿರಲಿಲ್ಲ. ಇವರ ಹಿರಿಯರು ಆಫ್ರಿಕಾದಿಂದ ಬಂದವರು, ಇವರ ರಕ್ತವೇ ಬೇರೆ ಎಂದು ನಾವು ನರ್ಸುಗಳು ಮಾತಾಡಿಕೊಳ್ಳುತ್ತಿದ್ದೆವು. ಕಲಿತ ವಿದ್ಯೆ ಎಲ್ಲಿ ಹೋಗಿತ್ತೋ!

ಒಮ್ಮೆ ಬಿಪಿ ನೋಡುವ ದಿನ ಅವಳೂ ಸಾಲಿನಲ್ಲಿ ಕೂತಳು.

"ತಲಿ ಭಾಳ ನೋಯ್ತೈತ್ರಿ ಬಾಯಾರ, ಕಣ್ಣಿಗಿ ಮಬ್ಬ ಬರ್ತೈತಿ," ಎಂದಳು.

"ನಿಮಗೇನಾಗ್ತೈತಿ ಅಕ್ಕಾ? ಸಿದ್ದ್ಯಾರ ಮೈ ಗಟ್ಟಿ ಬಿಡ್ರಿ. ಉಳದಾರ್ನ ಮೊದ್ಲ ನೋಡ್ತೇನಿ," ಎಂದೆ.

ನಕ್ಕಳು. ಯಾರದೋ ಅಳುವ ಕೂಸನ್ನು ಎತ್ತಿಕೊಂಡು ಹಿಂದೆ ಸರಿದಳು. ಅವಳ ಪಾಳಿ ಬರುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗಿತ್ತು. ಕೈಗೆ ಎರಡು ನೋವಿನ ಗುಳಿಗೆ ಇಟ್ಟೆ. ತೋಳಿಗೆ ಪಟ್ಟಿ ಸುತ್ತದೆಯೇ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ನೂರಿಪ್ಪತ್ತು–ಎಂಬತ್ತು ಎಂದು ಬರೆದೆ. ನೋಡಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು.

ಹದಿನೈದು ದಿನಕ್ಕೆ ಗದ್ದೆಯಲ್ಲಿ ಬಿದ್ದಳು. ಬಿಪಿ ಏರಿ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನೋಡಲು ಹೋದಾಗ ಎಡಗೈಯಿಂದ ಈ ಕೌದಿಯನ್ನು ನನ್ನತ್ತ ಸರಿಸಿದಳು. ನನ್ನ ಮಗಳ ಬಾಣಂತನಕ್ಕೆಂದು ಹೊಲಿಯುತ್ತಿದ್ದಳಂತೆ.

"ಒಂದ್ ಮೂಲಿ ಉಳೀತ್ರಿ ಬಾಯಾರ... ತಪ್ಪ ತಿಳೀಬ್ಯಾಡ್ರಿ," ಎಂದು ತೊದಲಿದಳು.

ತಪ್ಪು ಒಪ್ಪಿಕೊಳ್ಳಬೇಕಾದವಳು ನಾನು. ಬಾಯಿ ಬರಲಿಲ್ಲ. ಕೌದಿ ಬಗಲಲ್ಲಿಟ್ಟುಕೊಂಡು ಬಂದುಬಿಟ್ಟೆ. ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಎಂಥ ಗಟ್ಟಿಗಿತ್ತಿ ಎಂದು ಮಣ್ಣಿಗೆ ಬಂದವರೆಲ್ಲ ಹೊಗಳಿದರು... ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮೊನ್ನೆ ಮಗಳು ಕೌದಿಯನ್ನು ಬಿಸಿಲಿಗೆ ಹರವುತ್ತ, "ಈ ಮೂಲಿಗಿ ನಾ ಹೂ ಹಚ್ಚಲೇನವ್ವಾ?" ಎಂದಳು.

"ಬ್ಯಾಡ."

"ಯಾಕ?"

"ಅಕ್ಕನ ಬಿಪಿ ನಾ ನೋಡಿದ್ದಿಲ್ಲ. ಸುಳ್ಳ ಬರದಿದ್ದೆ."

ಮಗಳು ಆ ಬೋಳು ಮೂಲೆಯನ್ನು ಹಾಗೆಯೇ ಬಿಸಿಲಿಗೆ ಹರವಿದಳು. ಇಷ್ಟು ವರ್ಷದ ಮೇಲೆ ಬಾಯಿ ಬಂದಿತ್ತು. ಕೇಳಬೇಕಾದವಳು ಇರಲಿಲ್ಲ.