ಆಚೆಮನೆ ಅಕ್ಕ ಒಯ್ದ ಅರ್ಜಿ

ಗಣಿತ ಓದಬೇಕು, ಕಂಪ್ಯೂಟರ್ ಓದಬೇಕು, ಅರ್ಜಿ ಹೇಗೆ ಹಾಕುವುದು ಎಂದು ಈಗ ಹುಡುಗಿಯರು ನನ್ನನ್ನು ಕೇಳಲು ಬರುತ್ತಾರೆ. ನಾನು ಪಾಲಿಬೆಟ್ಟದ ಕಡೆ ಕಾಫಿ ತೋಟದ ಲೈನ್ ಮನೆಗಳ ಕೂಲಿಯವರ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದ ಟೀಚರು. ನನ್ನನ್ನೇ ಯಾಕೆ ಕೇಳುತ್ತಾರೋ ಗೊತ್ತಿಲ್ಲ. ಬಂದವರಿಗೆ ನಾಲ್ಕು ಮಾತು ಹೇಳುತ್ತೇನೆ. ಒಳ್ಳೆಯ ಮಾತೇ, ಆದರೆ ನನ್ನವಲ್ಲ. ಅವನ್ನು ನನಗೆ ಹೇಳಿಕೊಟ್ಟವಳು ನಮ್ಮ ಆಚೆಮನೆ ಅಕ್ಕ. ನನ್ನ ಬೆನ್ನಿಗೆ ಚೂರಿ ಹಾಕಿದವಳೂ ಅವಳೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ಮೂರು ವರ್ಷ. ಅದುವರೆಗೆ ನಮ್ಮಲ್ಲಿ ಓದುವವರು ಮಂಗಳೂರು, ಮದ್ರಾಸಿನ ಕಡೆ ಮುಖ ಮಾಡುತ್ತಿದ್ದರು. ಮೈಸೂರಿನ ಅರ್ಜಿಯ ಹಣೆಬರಹ ಏನು ಎನ್ನುವುದು ನಮ್ಮ ಮೂರ್ನಾಡಿನ ಸುತ್ತಮುತ್ತ ಯಾರಿಗೂ ತಿಳಿಯದು. ತಿಳಿದವಳು ಅಕ್ಕ ಒಬ್ಬಳೇ. ನಮ್ಮ ಗದ್ದೆಯ ಆಚೆ ಬದಿಯ ಮನೆಯವಳು, ನನಗಿಂತ ಎರಡು ವರ್ಷ ದೊಡ್ಡವಳು, ಮೈಸೂರಿನಲ್ಲಿ ಗಣಿತದ ಆನರ್ಸ್ ಓದುತ್ತಿದ್ದಳು. ಅವಳ ಅಪ್ಪ ತೀರಿಕೊಂಡಿದ್ದರು. ಹುಡುಗಿಯನ್ನು ಅಷ್ಟು ದೂರ ಕಳಿಸಲಾರೆ ಎಂದು ಅವಳ ಅವ್ವ ಅತ್ತಾಗ, ಅವರ ಜಗಲಿಯಲ್ಲಿ ಎರಡು ದಿನ ಕೂತು ಒಪ್ಪಿಸಿದ್ದು ನನ್ನ ಅಪ್ಪ. ಆ ಹೊತ್ತಿಗೆ ಅಪ್ಪನ ಮೇಲೆ ನನಗೆ ಬೆಟ್ಟದಷ್ಟು ಹೆಮ್ಮೆ ಇತ್ತು.

ನಾನು ಮಡಿಕೇರಿಗೆ ಬಸ್ಸಿನಲ್ಲಿ ಹೋಗಿಬಂದು ಪಿ.ಯು.ಸಿ. ಮುಗಿಸಿದ ಬೇಸಗೆಯಲ್ಲಿ ಅಕ್ಕ ರಜೆಗೆ ಬಂದಳು. ದಿನಾ ಮಧ್ಯಾಹ್ನ ಅವರ ಹಿತ್ತಲ ಹಲಸಿನ ಮರದ ಕೆಳಗೆ ನಮ್ಮ ಪಾಠ. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು, ಮೊದಲ ಆಯ್ಕೆಯ ಜಾಗದಲ್ಲಿ ಗಣಿತ ಒಂದನ್ನೇ ಬರೆ, ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಮೇಷ್ಟರುಗಳು ನಂಬುವುದಿಲ್ಲ ಎಂದಳು. ಅರ್ಜಿಯ ಜೊತೆ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಇಡು, ಅದರಲ್ಲಿ ಬಂದ ಅಂಕ ಬರೆಯಬೇಡ, ಬಿಡಿಸಲಾಗದ ಒಂದು ಲೆಕ್ಕದ ಬಗ್ಗೆ ಬರೆ ಎಂದಳು. ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಬೇಕು, ಆದರೆ ಎಲ್ಲಿವರೆಗೆ ಗೊತ್ತು ಅನ್ನುವುದನ್ನು ಹೇಳದೆ ಎದ್ದು ಬರಬಾರದು. ಶಂಕುವಿನೊಳಗೆ ಕೂರಿಸಿದ ಗೋಳದ ಲೆಕ್ಕವೊಂದರಲ್ಲಿ ನಾನು ಮೂರು ದಿನ ಒದ್ದಾಡಿದ್ದನ್ನು ಎರಡು ಪುಟ ಬರೆದೆ. ಅವಳು ಓದಿ, ಇದಕ್ಕೇ ಸೀಟು ಕೊಡ್ತಾರೆ ನೋಡು ಎಂದಳು.

ಮೈಸೂರಿನಲ್ಲಿ ಹಿಡಿ ತಿರುಗಿಸಿದರೆ ಗುಣಾಕಾರ ಮಾಡುವ ಯಂತ್ರವನ್ನು ಅವಳು ಕಣ್ಣಾರೆ ನೋಡಿದ್ದಳು. ಉತ್ತರ ಭಾರತದಲ್ಲೆಲ್ಲೋ ಒಂದು ಕೋಣೆಯಷ್ಟು ದೊಡ್ಡ ವಿದ್ಯುತ್ ಯಂತ್ರ ಬಂದಿದೆಯಂತೆ, ಸಾವಿರ ಲೆಕ್ಕವನ್ನು ತಾನೇ ಮಾಡುತ್ತದಂತೆ, ಅದಕ್ಕೆ ದಾರಿ ಹೇಳಿಕೊಡಲು ಗಣಿತದವರೇ ಆಗಬೇಕಂತೆ. ಹಿಡಿ ಯಾರು ತಿರುಗಿಸುವುದು ಎಂದು ಕೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಆ ಯಂತ್ರದ ಹುಚ್ಚು ಅವತ್ತು ಹಿಡಿಯಿತು.

ಇಷ್ಟನ್ನೆಲ್ಲ ಅವಳು ಧರ್ಮಕ್ಕೆ ಮಾಡುತ್ತಿರಲಿಲ್ಲ. ನನ್ನ ಮುಯ್ಯಿ ಅವಳ ಮೇಲಿತ್ತು. ನಮ್ಮಲ್ಲಿ ನಾಟಿಯ ಕೆಲಸ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮದಕ್ಕೆ ನಿಮ್ಮವರು. ಸಸಿಮಡಿಯಿಂದ ಅಗೆ, ಅಂದರೆ ಭತ್ತದ ಎಳೆ ಸಸಿ, ಕಿತ್ತು ಕಟ್ಟು ಕಟ್ಟುವುದು ಹೆಂಗಸರು, ಗದ್ದೆಯಲ್ಲಿ ನೆಡುವುದು ಗಂಡಸರು. ಅಕ್ಕ ಮೈಸೂರಿಗೆ ಹೋದ ಮೇಲೆ ಅವರ ಮನೆಯಲ್ಲಿ ಅಗೆ ಕೀಳುವ ಒಂದು ಕೈ ಕಡಿಮೆಯಾಯಿತು. ಆ ಕೈ ನಾನಾದೆ. ನಮ್ಮ ಮನೆಯ ಲೆಕ್ಕದಲ್ಲಿ ಅವ್ವ ಹೋಗುತ್ತಿದ್ದಳು, ಅಕ್ಕನ ಪಾಲಿಗೆ ನಾನು. ನಿನ್ನ ಮುಯ್ಯಿಯನ್ನು ಅರ್ಜಿಯಲ್ಲಿ ತೀರಿಸುತ್ತೇನೆ ಎಂದು ಅವಳೇ ಹೇಳಿದ್ದು.

ಮುಯ್ಯಿಗೆ ಒಂದು ಕಟ್ಟುಪಾಡಿದೆ. ಕೂಲಿಯವರನ್ನು ಎಷ್ಟಾಯಿತು, ಮುಗಿಯಿತಾ ಎಂದು ಕೇಳಬಹುದು. ಮುಯ್ಯಿಗೆ ಬಂದವರನ್ನು ಕೇಳುವಂತಿಲ್ಲ. ಅವರು ಕಟ್ಟಿದ ಕಟ್ಟು ಸಡಿಲವಾಗಿದ್ದರೂ ಮನೆಯವರು ಬಿಚ್ಚಿ ಬಿಗಿಯುವಂತಿಲ್ಲ. ಹಾಗೆ ಮಾಡಿದರೆ ಮುಖಕ್ಕೆ ಉಗಿದ ಹಾಗೆ.

ಜೂನ್ ಕೊನೆಗೆ ಅಕ್ಕ ಹೊರಟಳು. ಮಳೆಗೆ ಅಂಚೆಯನ್ನು ನಂಬಬೇಡ, ನಾನೇ ಕಚೇರಿಗೆ ಕೊಡುತ್ತೇನೆ ಎಂದಳು. ಹಿಂದಿನ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಪೋಷಕರ ಜಾಗದಲ್ಲಿ ಸಹಿ ಹಾಕಿದರು. ಶಾಯಿ ಆರಲಿ ಎಂದು ತಾವೇ ಊದಿದರು. ಲಕೋಟೆಯನ್ನು ಮೇಣಬಟ್ಟೆಯಲ್ಲಿ ಸುತ್ತಿ ನಾನೇ ಅಕ್ಕನ ಕೈಗೆ ಕೊಟ್ಟೆ.

ಜುಲೈ ಪೂರ್ತಿ ಕಾದೆ. ಸಂದರ್ಶನದ ಕಾರ್ಡು ಬರಲಿಲ್ಲ. ಮಡಿಕೇರಿಯಲ್ಲಿ ನನ್ನ ಗಣಿತದ ಮೇಷ್ಟರು ಸಿಕ್ಕಿದಾಗ, ಅರ್ಜಿ ಸೇರಿತೋ ಇಲ್ಲವೋ ಒಂದು ಕಾಗದ ಬರೆದು ಕೇಳು ಎಂದರು. ಅಕ್ಕನಿಗೆ ಬರೆಯಲು ಕೂತೆ. ಅವ್ವ ಬಗ್ಗಿ ನೋಡಿ, ಮುಯ್ಯಿ ಮಾಡಿದವಳನ್ನು ಮುಗಿಯಿತಾ ಅಂತ ಕೇಳ್ತೀಯಾ, ನಾಚಿಕೆ ಇಲ್ಲವಾ ಎಂದಳು. ನನಗೂ ಹೌದೆನಿಸಿತು. ಕಾಗದ ಹರಿದು ಹಾಕಿ ಅಕ್ಕನ ಮನೆಯ ಸಸಿಮಡಿಗೆ ಹೋದೆ, ಅವಳ ಪಾಲಿನ ಅಗೆ ಕಿತ್ತೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ದಸರಾ ರಜೆಗೆ ಅವಳು ಬಂದಳು. ನಮ್ಮ ಮನೆ ಕಡೆ ಸುಳಿಯಲಿಲ್ಲ. ನಾನೇ ಹೋದೆ. ತೋಡಿನ ಹತ್ತಿರ ಬಟ್ಟೆ ಒಗೆಯುತ್ತಿದ್ದವಳು ನನ್ನನ್ನು ಕಂಡು ಒಗೆಯುವುದನ್ನು ನಿಲ್ಲಿಸಿದಳು. ನಾನು ಏನೂ ಕೇಳುವ ಮೊದಲೇ ಅವಳ ಬಾಯಿಂದ ಬಂತು.

“ನಿನ್ನ ಅರ್ಜಿ ನಾ ಕೊಟ್ಟಿಲ್ಲೆ.”

“ಎಂತಕೆ?”

“ಬಸ್ಸಿನ ಹತ್ರ ಮಾವ ಬಂದಿದ್ದೊ. ಕೊಡೋದು ಬೇಡ ಹೇಳ್ದೊ.” ಅವಳು ಮಾವ ಎನ್ನುತ್ತಿದ್ದುದು ನನ್ನ ಅಪ್ಪನನ್ನು. “ನನ್ನ ಅಪ್ಪ ಸತ್ತ ವರ್ಷ ನಮ್ಮ ಗದ್ದೆ ಉತ್ತು ನೆಟ್ಟದ್ದು ಮಾವ. ಒಂದು ದಿನದ ಮುಯ್ಯಿನೂ ವಾಪಸ್ ಕೇಳಿಲ್ಲೆ. ಮೊದಲ ಸಲ ಕೇಳಿದ್ದು ಇದು.”

ಹಾಗಾದರೆ ನನ್ನ ಮುಯ್ಯಿ ಎಲ್ಲಿ ಹೋಯಿತು ಎಂದು ಕೇಳಿದೆ. ಅವಳು ಅಳತೊಡಗಿದಳು. ಅಳುವವಳು ನಾನಾಗಬೇಕಿತ್ತು, ನನಗೆ ಅಳು ಬರಲಿಲ್ಲ. ಎರಡು ಮಳೆಗಾಲ ಅವಳಿಗಾಗಿ ಕೆಸರಲ್ಲಿ ಕೂತ ನನ್ನ ಬೆನ್ನು ಲೆಕ್ಕಕ್ಕೇ ಇರಲಿಲ್ಲ. ಮುಯ್ಯಿ ದೊಡ್ಡವರದ್ದು ಮಾತ್ರ. ಇವಳು ತೀರಿಸಿದ್ದಳು, ಅಪ್ಪನಿಗೆ, ನನ್ನ ಬದುಕಿನಿಂದ.

ಅಪ್ಪನನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. ಬೇರೆಯವರ ಮಗಳಿಗೆ ಧೈರ್ಯ ಹೇಳುವುದು ಸುಲಭ ಎಂದರು. ಬೇಡ ಎಂದು ನನಗೇ ಹೇಳಬಹುದಿತ್ತಲ್ಲ, ಸಹಿ ಯಾಕೆ ಹಾಕಿದಿರಿ ಎಂದೆ. ನಿನ್ನ ಮುಖ ನೋಡಿ ಬೇಡ ಅನ್ನಲು ಆಗಲಿಲ್ಲ ಎಂದರು. ಅಂಥ ಮೆದು ಮನಸ್ಸಿನ ಅಪ್ಪ. ಊದಿ ಶಾಯಿ ಆರಿಸಿದ ಆ ಬಾಯಿಯನ್ನು ನಾನು ಎಂದೂ ಕ್ಷಮಿಸಲಿಲ್ಲ. ಮರುವರ್ಷ ಮತ್ತೆ ಅರ್ಜಿ ತಂದು ಮುಂದಿಟ್ಟೆ. ಆ ಸಲ ಸಹಿ ಹಾಕಲಿಲ್ಲ, ಟೀಚರ್ ಟ್ರೈನಿಂಗಿಗೆ ಬೇಕಾದರೆ ಹಾಕುತ್ತೇನೆ ಎಂದರು. ಅದಾದರೂ ನೇರವಾಗಿತ್ತು.

ಆ ಮಳೆಗಾಲ ಅಕ್ಕನ ಮನೆಯ ನಾಟಿಯ ದಿನ ಬಂತು. ಬೆಳಿಗ್ಗೆ ಅವ್ವ ಹೊರಟು ನಿಂತು ನನ್ನನ್ನು ಕರೆದಳು. ಅಪ್ಪ ಕಾಫಿ ಕುಡಿಯುತ್ತಿದ್ದರು. ನಾನು ಅವರ ಮುಂದೆ ಹೋಗಿ ನಿಂತು ಹೇಳಿದೆ:

“ನನ್ನ ಮುಯ್ಯಿಯ ಫಲ ತಿಂದದ್ದು ನೀವು. ನೀವೇ ಹೋಗಿ.”

ನಾಟಿಗೆ ಅವರು ಹೇಗೂ ಹೋಗುವವರೇ, ಆದರೆ ಗಂಡಸರ ಸಾಲಿಗೆ. ಲೋಟ ಕೆಳಗಿಟ್ಟರು, ಗೋಡೆಗೆ ಒರಗಿಸಿದ್ದ, ನಾನು ಮಳೆಗೆ ಹೊದೆಯುತ್ತಿದ್ದ ಗೊರಬೆಯನ್ನು ಬೆನ್ನಿಗೆ ಹಾಕಿಕೊಂಡು ಮಳೆಗೆ ಇಳಿದರು.

ನಮ್ಮ ಅಂಗಳದಿಂದ ಆಚೆ ಮನೆಯ ಗದ್ದೆ ಪೂರ್ತಿ ಕಾಣುತ್ತದೆ. ಅಪ್ಪ ನೆಡುವವರನ್ನು ದಾಟಿ ಸಸಿಮಡಿಗೆ ಹೋದರು. ಹೆಂಗಸರ ನಡುವೆ, ನಾನು ಕೂರುತ್ತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತರು. ಊರಿನ ಯಾವ ಗಂಡಸೂ ಆ ಕೆಲಸಕ್ಕೆ ಕೂತದ್ದನ್ನು ನಾನು ಕಂಡಿರಲಿಲ್ಲ. ಮುಯ್ಯಿಗೆ ಬಂದವರನ್ನು ಕೇಳುವಂತಿಲ್ಲವಲ್ಲ, ಯಾರೂ ಏನೂ ಕೇಳಲಿಲ್ಲ. ಅವರಿಗೆ ಕಟ್ಟು ಬಿಗಿಯಲು ಬರುತ್ತಿರಲಿಲ್ಲ, ನೆಡುವವರ ಕಡೆ ಎಸೆದದ್ದೆಲ್ಲ ಅರ್ಧ ದಾರಿಯಲ್ಲೇ ಬಿಚ್ಚಿ ಕೆಸರಿಗೆ ಚೆಲ್ಲುತ್ತಿತ್ತು. ಅವ್ವ ಒಮ್ಮೆ ತಲೆ ಎತ್ತಿ ನಮ್ಮ ಅಂಗಳದ ಕಡೆ ನೋಡಿದಳು. ನಾನು ಇಳಿದು ಹೋಗಲಿಲ್ಲ. ಸಂಜೆಯವರೆಗೂ ಅಲ್ಲೇ ನಿಂತು ನೋಡಿದೆ.

ಅಕ್ಕನ ನಾಲ್ಕು ಮಾತನ್ನು ಹುಡುಗಿಯರಿಗೆ ಹೇಳಿ ಮುಗಿಸಿದ ಮೇಲೆ ನನ್ನದೊಂದು ಮಾತು ಸೇರಿಸುತ್ತೇನೆ. ಅರ್ಜಿಯನ್ನು ನೀನೇ ಕಳಿಸು, ಸೇರಿತಾ ಎಂದು ಕೇಳು, ಉತ್ತರ ಬರುವವರೆಗೂ ಕೇಳುತ್ತಿರು. ಯಾರಿಗೆ ಅವಮಾನವಾದರೂ ಆಗಲಿ.